ಗುಳಿಗೆ ಬಿಡಿಸುವ ಅಧಿಕಾರ ಮಠಕ್ಕಿಲ್ಲ



ಸೋಮವಾರದ ದಿನ ಮಠದ ಪಡಸಾಲೆಯಲ್ಲಿ ಅರ್ಧ ತಾಸು ಕುಳಿತು ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ತಿಳಿಯುತ್ತದೆ. ದರ್ಶನಕ್ಕೆ ಬರುವವರಲ್ಲಿ ಷಟ್‌ಸ್ಥಲದ ವಿಷಯವನ್ನಾಗಲಿ ಅಷ್ಟಾವರಣದ ವಿಷಯವನ್ನಾಗಲಿ ಕೇಳುವವರು ವಿರಳ. ಮಗಳ ಮದುವೆ, ಹೊಲದ ತಂಟೆ, ಮಗನ ನೌಕರಿ ಇವುಗಳ ತರುವಾಯ ಬರುವ ಪ್ರಶ್ನೆಯೆಂದರೆ ಮೈಬೇನೆಯದು. ಕೈಯಲ್ಲಿ ಔಷಧದ ಚೀಲ ಹಿಡಿದು, ಪಾದಕ್ಕೆರಗಿ, "ಇದನ್ನ ತಗೊಳ್ಳಲ್ಯೋ ಬಿಡಲ್ಯೋ, ಅಪ್ಪಾವರ?" ಎಂದು ಕೇಳುತ್ತಾರೆ. ಗುರುವಾಕ್ಯವೇ ಪ್ರಮಾಣವೆಂಬ ನಂಬುಗೆಯಿಂದ ಕೇಳುತ್ತಾರೆ. ಆ ನಂಬುಗೆಗೆ ನಾವು ತಲೆಬಾಗುತ್ತೇವೆ. ಆದರೆ ಆ ಪ್ರಶ್ನೆಗೆ ಉತ್ತರ ಕೊಟ್ಟು ಕಳಿಸುವ ಪದ್ಧತಿಯನ್ನು ಇಂದು ಈ ಪುಟಗಳಲ್ಲಿ ಬಹಿರಂಗವಾಗಿಯೇ ಖಂಡಿಸಬೇಕಾಗಿದೆ. ಖಂಡನೆಗೆ ಗುರಿಯಾಗಬೇಕಾದವರಲ್ಲಿ ಮೊದಲಿಗರು ನಾವೇ.

ವಡಗಾವಿಯ ಮಗ್ಗದ ಓಣಿಯ ಭಕ್ತರೊಬ್ಬರು ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದಿದ್ದರು. ಹಗಲೆಲ್ಲ ಪಾವರ್‌ಲೂಮಿನ ಮುಂದೆ ನಿಂತು ಸೀರೆ ನೇಯುವುದು ಅವರ ಕಾಯಕ. ಎಡಗಾಲಿನ ಚಪ್ಪಲಿಯ ಮುಂಭಾಗವನ್ನು ಚಾಕುವಿನಿಂದ ಸೀಳಿಕೊಂಡಿದ್ದರು. ಊದಿದ ಹೆಬ್ಬೆರಳು ಅದರೊಳಗೆ ಹಿಡಿಯುತ್ತಿರಲಿಲ್ಲ. ವೈದ್ಯರು ಪರೀಕ್ಷಿಸಿ, ಇದು ಗೌಟ್ ಎಂದು ಹೇಳಿ, ಅಲೋಪ್ಯೂರಿನಾಲ್ ಎಂಬ ಗುಳಿಗೆಯನ್ನು ದಿನಕ್ಕೊಂದರಂತೆ ಬರೆದುಕೊಟ್ಟಿದ್ದರು. ಗುಳಿಗೆ ಆರಂಭಿಸಿದ ಹದಿನೈದು ದಿನಗಳಲ್ಲಿ ಬಲಗಾಲಿನ ಗೆಣ್ಣೂ ಊದಿಕೊಂಡಿತು. "ಗುಳಿಗಿ ಸುರು ಮಾಡಿದ ಮ್ಯಾಲೆ ಬ್ಯಾನಿ ಹೆಚ್ಚಾಗೇತ್ರಿ ಅಪ್ಪಾವರ, ಬಿಟ್ಟುಬಿಡ್ಲ್ಯಾ?" ಎಂದು ಕೇಳಿದರು. ಅಂದು ಪಡಸಾಲೆಯಲ್ಲಿ ಜನಸಂದಣಿ. ನಾವು ಹೆಚ್ಚು ಯೋಚಿಸಲಿಲ್ಲ. "ಮೈಗೆ ಒಗ್ಗದಿದ್ದರೆ ಬಿಡಪ್ಪಾ, ಶಿವ ದೊಡ್ಡವ" ಎಂದು ಹಣೆಗೆ ಭಸ್ಮವಿಟ್ಟು ಕಳಿಸಿದೆವು. ಅವರು ಬಿಟ್ಟರು. ಬೇನೆ ಬಂದಾಗಲೆಲ್ಲ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿ ಮಗ್ಗ ನಡೆಸಿದರು. ಮೂರು ವರ್ಷಗಳ ತರುವಾಯ ನಾವು ಅವರನ್ನು ಕಂಡಾಗ ಬೆರಳ ಗೆಣ್ಣುಗಳಲ್ಲಿ ಸುಣ್ಣದಂಥ ಬಿಳಿಯ ಗಂಟುಗಳೆದ್ದಿದ್ದವು. ನೂಲಿನ ಎಳೆ ಕಡಿದರೆ ಗಂಟು ಹಾಕಲು ಬೆರಳು ಮಡಚುತ್ತಿರಲಿಲ್ಲ. ಮೂತ್ರಪಿಂಡಗಳು ಸೋತಿದ್ದವು. ಇಂದು ಅವರು ವಾರಕ್ಕೆ ಎರಡು ಸಲ ಡಯಾಲಿಸಿಸ್ಸಿಗೆ ಹೋಗುತ್ತಾರೆ. ನಮ್ಮನ್ನು ಕಂಡರೆ ಇಂದಿಗೂ ಪಾದಮುಟ್ಟುತ್ತಾರೆ. ಅವರು ನಮ್ಮನ್ನು ದೂರಿಲ್ಲವೆಂಬುದೇ ನಮಗೆ ಹೆಚ್ಚಿನ ಶಿಕ್ಷೆಯಾಗಿದೆ.

ಗುಳಿಗೆ ಆರಂಭಿಸಿದ ಮೇಲೆ ನೋವು ಏಕೆ ಹೆಚ್ಚಿತು? ಈ ಒಂದು ಪ್ರಶ್ನೆಗೆ ಉತ್ತರ ನಮಗೆ ಅಂದು ತಿಳಿದಿದ್ದರೆ ಆ ಮಾತು ನಮ್ಮ ಬಾಯಿಂದ ಬರುತ್ತಿರಲಿಲ್ಲ. ಉತ್ತರಕ್ಕೆ ಬರುವ ಮುನ್ನ, ಈ ಬೇನೆಯ ಸುತ್ತ ನಮ್ಮ ಸಮಾಜವು ಕಟ್ಟಿಕೊಂಡಿರುವ ಒಂದು ಸುಳ್ಳನ್ನು ಕೆಡವಬೇಕು.

ಗೌಟ್ ಎಂದರೆ ಮಾಂಸಮದ್ಯ ಸೇವಿಸುವವರ ಬೇನೆ, ಲಿಂಗವಂತರಿಗೆ ಬರುವುದಲ್ಲ ಎಂಬುದೇ ಆ ಸುಳ್ಳು. ನಮ್ಮ ಪ್ರಾಚೀನರೂ ಇದಕ್ಕೆ ಸ್ವಲ್ಪ ಆಸ್ಪದ ಕೊಟ್ಟರೆನ್ನಬೇಕು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಈ ಬೇನೆಯನ್ನು ಬಹುಮಟ್ಟಿಗೆ ಹೋಲುವ ವಾತರಕ್ತಕ್ಕೆ ಇಡೀ ಒಂದು ಅಧ್ಯಾಯವೇ ಮೀಸಲಾಗಿದೆ. ಅಲ್ಲಿ ಅದಕ್ಕಿರುವ ಹೆಸರುಗಳಲ್ಲಿ ಆಢ್ಯವಾತವೂ ಒಂದು, ಅಂದರೆ ಸಿರಿವಂತರ ವಾತ. ಪಾಶ್ಚಾತ್ಯರೂ ಬಹುಕಾಲ ಇದನ್ನು ರಾಜರ ರೋಗವೆಂದೇ ಕರೆದರು. ವಡಗಾವಿಯ ನೇಕಾರನು ಯಾವ ಸಿರಿಯನ್ನು ಉಂಡನು? ಮಾಂಸ, ಕೆಲವು ಬಗೆಯ ಮೀನು, ಮದ್ಯ, ಅದರಲ್ಲಿಯೂ ಬಿಯರು ಈ ಬೇನೆಯನ್ನು ಕೆರಳಿಸುತ್ತವೆಂಬುದು ನಿಜ. ಸಕ್ಕರೆ ಬೆರೆಸಿದ ಬಾಟಲಿಯ ತಂಪು ಪಾನೀಯಗಳೂ ಕೆರಳಿಸುತ್ತವೆ. ಅವುಗಳನ್ನು ನಮ್ಮ ಮದುವೆಮನೆಗಳಲ್ಲಿ ಪಾನಕಕ್ಕೆ ಬದಲಾಗಿ ಹಂಚುವವರು ಯಾರೂ ತಮ್ಮನ್ನು ಪಾಪಿಗಳೆಂದು ಬಗೆದಂತಿಲ್ಲ. ಆದರೆ ಬೇನೆಯ ಮುಖ್ಯ ಬೇರು ಇರುವುದು ತಟ್ಟೆಯಲ್ಲಲ್ಲ. ಜೀವಕೋಶಗಳು ಸವೆದಾಗ ನಮ್ಮೆಲ್ಲರ ದೇಹದಲ್ಲಿ ಯೂರಿಕ್ ಆಮ್ಲ ಹುಟ್ಟುತ್ತದೆ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಹುಟ್ಟಿನಿಂದಲೇ ಅದನ್ನು ಕಡಿಮೆ ಹೊರಹಾಕುವ ಮೂತ್ರಪಿಂಡಗಳುಳ್ಳವರಿಗೆ, ಅವರು ರೊಟ್ಟಿ ಪಲ್ಲೆ ಉಂಡರೂ, ಬೇನೆ ಬರುತ್ತದೆ. ತಂದೆಗಿದ್ದರೆ ಮಗನಿಗೆ ಬರುವ ಸಂಭವ ಹೆಚ್ಚು. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವ ನಮ್ಮ ಹಿರಿಯ ತಾಯಂದಿರಿಗೆ ಮುಟ್ಟು ನಿಂತ ಮೇಲೆ ಬರುತ್ತದೆ. ಅವರೆಲ್ಲ ಮಾಂಸ ತಿಂದರೇ?

ಈ ಸುಳ್ಳಿನಿಂದ ಆಗುವ ಕೇಡು ಸಾಮಾನ್ಯವಾದುದಲ್ಲ. ರೋಗಿಯು ರೋಗವನ್ನು ಬಚ್ಚಿಡುತ್ತಾನೆ. ವೈದ್ಯರಲ್ಲಿಗೆ ಹೋದರೆ ಹೆಸರು ಕೆಡುತ್ತದೆಂದು ಅಂಗಡಿಗೆ ಹೋಗುತ್ತಾನೆ. ಇದನ್ನು ನಾವು ಊಹಿಸಿ ಬರೆಯುತ್ತಿಲ್ಲ. ಈ ಬೇನೆ ನಮಗೂ ಇದೆ.

ಹನ್ನೆರಡು ವರ್ಷಗಳ ಹಿಂದೆ ಶ್ರಾವಣಮಾಸದ ಪ್ರವಚನ ನಡೆದಿದ್ದಾಗ ಒಂದು ಬೆಳಗಿನ ಜಾವ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಕೆಂಡವಿಟ್ಟಂತಾಗಿ ಎಚ್ಚರವಾಯಿತು. ಹೊದಿಕೆಯ ಅಂಚು ಸೋಕಿದರೂ ಸಹಿಸಲಾಗದು. ಮುಳ್ಳು ನಟ್ಟಿರಬೇಕೆಂದು ದೀಪ ಹಿಡಿದು ನೋಡಿದೆವು. ಬೆರಳು ಕೆಂಪಗೆ ಹೊಳೆಯುತ್ತಿತ್ತು. ಬೇನೆಯ ಹೆಸರು ಗೊತ್ತಾದ ಮೇಲೆ ಅದನ್ನು ಯಾರಿಗೂ ಹೇಳಬಾರದೆಂದು ಸೇವಕನಿಗೆ ಕಟ್ಟಪ್ಪಣೆ ಮಾಡಿದೆವು. ಸ್ವಾಮಿಗಳಿಗೆ ಗೌಟ್ ಎಂದರೆ ಜನ ಏನೆಂದಾರು? ನಾಲ್ಕು ವರ್ಷ ಆ ಹುಡುಗನು ತನ್ನ ಹೆಸರಿನಲ್ಲಿ ಅಂಗಡಿಯಿಂದ ಡೈಕ್ಲೊಫೆನಾಕ್ ಗುಳಿಗೆಗಳನ್ನು ತಂದುಕೊಟ್ಟನು. ವೇದಿಕೆಯ ಮೇಲೆ ಸತ್ಯದ ವಿಷಯವಾಗಿ ಮಾತನಾಡುತ್ತ, ಶಾಟಿಯ ಅಂಚಿನಲ್ಲಿ ಕಾಲು ಮರೆಮಾಡಿಕೊಂಡು ಕುಳಿತಿರುತ್ತಿದ್ದೆವು. ಕಡೆಗೆ ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿ ವೈದ್ಯರಾದ ಹಳೆಯ ವಿದ್ಯಾರ್ಥಿಯೊಬ್ಬರು ದರ್ಶನಕ್ಕೆ ಬಂದವರು ನಮ್ಮ ನಡಿಗೆ ನೋಡಿ ಸಂದೇಹಪಟ್ಟು, ಬಲವಂತದಿಂದ ರಕ್ತ ತಪಾಸಣೆ ಮಾಡಿಸಿದರು. ಯೂರಿಕ್ ಆಮ್ಲ ೯ನ್ನು ದಾಟಿತ್ತು. ಮೂತ್ರಪಿಂಡದ ಶಕ್ತಿಯನ್ನು ಸೂಚಿಸುವ ಕ್ರಿಯಾಟಿನಿನ್ ಏರತೊಡಗಿತ್ತು. "ಅಪ್ಪಾವರ, ಬ್ಯಾನಿ ನಿಮ್ಮ ಕಿಡ್ನಿಗೆ ಮಾಡದ್ದನ್ನು ಈ ಗುಳಿಗಿ ಮಾಡೇತಿ" ಎಂದು ಆತನು ಕಣ್ಣೀರು ತಂದುಕೊಂಡನು. ನಾವು ಅನ್ನವಿಟ್ಟ ಹುಡುಗನು ನಮ್ಮನ್ನು ಉಳಿಸಿದನು. ಮಗ್ಗದ ಭಕ್ತರಿಗೆ ಅಂಥ ಹುಡುಗನು ಇರಲಿಲ್ಲ, ನಮ್ಮಂಥ ಸ್ವಾಮಿ ಇದ್ದರು.

ಇನ್ನು ಬೇನೆಯ ಸ್ವರೂಪ. ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ಎಂಬವರು ೧೮೪೮ರಲ್ಲಿ ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿಕೊಟ್ಟರು. ಕೆಲವು ವರ್ಷಗಳ ತರುವಾಯ ಅವರು ಕಂಡುಹಿಡಿದ ಪರೀಕ್ಷೆಯು ನೇಕಾರರ ಮನಸ್ಸಿಗೆ ಹಿಡಿಸುವಂಥದು: ರೋಗಿಯ ರಕ್ತದ ತಿಳಿಯನ್ನು ಗಾಜಿನ ತಟ್ಟೆಯಲ್ಲಿ ಹಾಕಿ, ಸ್ವಲ್ಪ ಹುಳಿ ಬೆರೆಸಿ, ಅದರಲ್ಲಿ ನಾರುಬಟ್ಟೆಯ ಒಂದೆರಡು ಎಳೆ ನೂಲನ್ನು ಇಳಿಬಿಡುವುದು. ಒಂದೆರಡು ದಿನಗಳಲ್ಲಿ ನೂಲಿನ ಮೇಲೆ ಹರಳುಗಳು ಕಟ್ಟಿದರೆ ಬೇನೆ ಖಚಿತ. ಆ ನೂಲಿನ ಮೇಲೆ ಆದುದೇ ನಮ್ಮ ಕೀಲಿನೊಳಗೂ ಆಗುತ್ತದೆ. ನೂರು ಮಿಲಿಲೀಟರ್ ರಕ್ತದಲ್ಲಿ ಯೂರಿಕ್ ಆಮ್ಲ ಸುಮಾರು ೬.೮ ಮಿಲಿಗ್ರಾಮಿಗಿಂತ ಹೆಚ್ಚಾದರೆ ಅದು ಕರಗಿ ನಿಲ್ಲಲಾರದು. ತಂಪಾದ ಕಡೆ, ಅಂದರೆ ಕಾಲ್ಬೆರಳ ತುದಿಯಂಥ ಕಡೆ, ಸೂಜಿಯಾಕಾರದ ಹರಳಾಗಿ ಕೂಡುತ್ತದೆ. ಹರಳು ವರ್ಷಗಟ್ಟಲೆ ಸುಮ್ಮನಿದ್ದು, ಒಂದು ರಾತ್ರಿ ದೇಹವು ಅದನ್ನು ಶತ್ರುವೆಂದು ಗುರುತಿಸಿ ದಾಳಿ ಮಾಡಿದಾಗ ಉರಿ, ಬಾವು, ಅಸಾಧ್ಯ ನೋವು. ಔಷಧವಿಲ್ಲದೆಯೂ ಒಂದೆರಡು ವಾರಗಳಲ್ಲಿ ಅದು ಇಳಿಯುತ್ತದೆ. ಪುಡಿ ಮಾರುವವರ ವ್ಯಾಪಾರವೆಲ್ಲ ನಿಂತಿರುವುದು ಇದರ ಮೇಲೆಯೇ. ತಾನಾಗಿ ಇಳಿಯಲಿದ್ದ ಬಾವನ್ನು ತಮ್ಮ ಪುಡಿ ಇಳಿಸಿತೆಂದು ಅವರು ಡಂಗುರ ಹೊಡೆಯುತ್ತಾರೆ. ಹರಳು ಮಾತ್ರ ಅಲ್ಲಿಯೇ ಇರುತ್ತದೆ.

ಆದುದರಿಂದ ಈ ಬೇನೆಗೆ ಎರಡು ಬಗೆಯ ಔಷಧಗಳಿವೆಯೆಂಬುದನ್ನು ಭಕ್ತರು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು. ಒಂದು ಬಗೆಯವು ಬಾವು ಎದ್ದಾಗ ಬೆಂಕಿ ಆರಿಸುವವು. ಕೆಲವು ದಿನಗಳ ಮಟ್ಟಿಗೆ ಮಾತ್ರ. ಇನ್ನೊಂದು ಬಗೆಯದು ಯೂರಿಕ್ ಆಮ್ಲವನ್ನೇ ತಗ್ಗಿಸಿ, ಕೂಡಿದ ಹರಳುಗಳನ್ನು ಮೆಲ್ಲಮೆಲ್ಲನೆ ಕರಗಿಸುವುದು. ಅದು ನೋವನ್ನು ಆ ಕ್ಷಣಕ್ಕೆ ಕಳೆಯುವುದಿಲ್ಲ, ವರ್ಷಗಟ್ಟಲೆ ನಡೆಯಬೇಕಾದುದು. ಮೊದಲನೆಯದನ್ನು ವರ್ಷಗಟ್ಟಲೆ ನುಂಗುವುದೂ ಎರಡನೆಯದನ್ನು ನೋವು ಬಂದಾಗ ಮಾತ್ರ ನುಂಗುವುದೂ ನಮ್ಮಲ್ಲಿ ರೂಢಿಯಾಗಿದೆ. ತಲೆಕೆಳಗಾದ ಈ ರೂಢಿಯಿಂದಲೇ ಅರ್ಧ ಅನಾಹುತ.

ಹರಳು ಕರಗಿಸುವ ಔಷಧಗಳಲ್ಲಿ ಅಲೋಪ್ಯೂರಿನಾಲ್ ಹಿರಿಯದು. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಎಂಬ ಸಂಶೋಧಕರ ಶ್ರಮದಿಂದ ಬಂದ ಇದು ೧೯೬೬ರಿಂದ ಗೌಟಿಗೆ ಬಳಕೆಯಾಗುತ್ತಿದೆ. ಇವರಿಬ್ಬರಿಗೂ ೧೯೮೮ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇಂದು ಇದು ಬೆಲೆಯಲ್ಲಿ ಬಡವರಿಗೂ ನಿಲುಕುವಂಥದು. ಆದರೆ ಕ್ರಮ ತಪ್ಪಿದರೆ ತಾನೇ ಆಪತ್ತು. ವೈದ್ಯರು ಇದನ್ನು ಸಾಮಾನ್ಯವಾಗಿ ದಿನಕ್ಕೆ ೧೦೦ ಮಿಲಿಗ್ರಾಮಿನಿಂದ, ಮೂತ್ರಪಿಂಡ ದುರ್ಬಲವಾಗಿದ್ದರೆ ಅದಕ್ಕೂ ಕಡಿಮೆಯಿಂದ, ಆರಂಭಿಸುತ್ತಾರೆ. ಕೆಲವು ವಾರಗಳಿಗೊಮ್ಮೆ ರಕ್ತ ನೋಡಿ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ಯೂರಿಕ್ ಆಮ್ಲವು ೬ ಮಿಲಿಗ್ರಾಮಿನ ಕೆಳಗಿಳಿದು ಅಲ್ಲಿಯೇ ನಿಲ್ಲಬೇಕು, ಅದೇ ಗುರಿ. ನೆರೆಮನೆಯವನಿಗೆ ೩೦೦ ಮಿಲಿಗ್ರಾಮಿನ ಗುಳಿಗೆ ಗುಣ ಕೊಟ್ಟಿತೆಂದು ಅದನ್ನೇ ಮೊದಲ ದಿನದಿಂದ ನುಂಗುವವನು ತನ್ನ ಮೈಯ ಮೇಲೆ ಜೂಜಾಡುತ್ತಾನೆ. ಈ ಔಷಧವು ಕೆಲವೇ ಕೆಲವರಿಗೆ, ಬಹುತೇಕ ಮೊದಲ ಎರಡು ಮೂರು ತಿಂಗಳಲ್ಲಿ, ಘೋರವಾದ ಚರ್ಮರೋಗವನ್ನು ತರಬಲ್ಲದು. ದೊಡ್ಡ ಪ್ರಮಾಣದಿಂದ ಆರಂಭಿಸಿದರೆ ಅಪಾಯ ಹೆಚ್ಚು. ಮೈಮೇಲೆ ದದ್ದು, ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಇವುಗಳಲ್ಲಿ ಯಾವುದು ಕಂಡರೂ ಗುಳಿಗೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಕೇಳದೆ ನಿಲ್ಲಿಸಬಹುದಾದ ಪ್ರಸಂಗ ಇದೊಂದೇ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರೂ ಅಂಥ ಬೇರೆ ಬೇನೆಗಳವರೂ ತೆಗೆದುಕೊಳ್ಳುವ ಅಜಾಥಿಯೋಪ್ರಿನ್ ಎಂಬ ಔಷಧದೊಂದಿಗೆ ಇದು ಕೂಡಿದರೆ ರಕ್ತಕಣಗಳು ಕುಸಿಯುತ್ತವೆ. ಫೆಬುಕ್ಸೊಸ್ಟಾಟ್ ಎಂಬ ಇನ್ನೊಂದು ಔಷಧವಿದೆ. ಹೃದಯದ ಬೇನೆಯುಳ್ಳವರಲ್ಲಿ ಅದರ ವಿಷಯವಾಗಿ ಅಮೆರಿಕದ ಔಷಧ ನಿಯಂತ್ರಣದವರು ೨೦೧೯ರಲ್ಲಿ ಎಚ್ಚರಿಕೆ ಕೊಟ್ಟರು, ತರುವಾಯ ಯೂರೋಪಿನಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಆ ಭಯ ಅಷ್ಟಾಗಿ ಕಂಡುಬರಲಿಲ್ಲ. ಯಾರಿಗೆ ಯಾವುದೆಂಬುದನ್ನು ತೂಗಬೇಕಾದವರು ವೈದ್ಯರು. ಅದಕ್ಕೆ ನಮ್ಮ ಹೃದಯದ ಕಥೆಯನ್ನು ನಾವು ಮೊದಲು ಅವರಿಗೆ ಹೇಳಿರಬೇಕು.

ಈಗ ಮಗ್ಗದ ಭಕ್ತರ ಪ್ರಶ್ನೆಗೆ ಬರೋಣ. ಗುಳಿಗೆಯು ಯೂರಿಕ್ ಆಮ್ಲವನ್ನು ತಗ್ಗಿಸತೊಡಗಿದೊಡನೆ ಕೀಲಿನಲ್ಲಿ ಗಟ್ಟಿಯಾಗಿ ಕುಳಿತಿದ್ದ ಹರಳುಗಳು ಸಡಿಲಗೊಂಡು ಕದಲುತ್ತವೆ. ಹಳೆಯ ಗೋಡೆ ಕೆಡವುವಾಗ ಮನೆತುಂಬ ಧೂಳೇಳುವಂತೆ, ಮೊದಲ ಕೆಲವು ತಿಂಗಳು ಬಾವು ಮತ್ತೆ ಮತ್ತೆ ಏಳಬಹುದು. ಅದು ಔಷಧ ಒಗ್ಗದ ಗುರುತಲ್ಲ, ಕೆಲಸ ಮಾಡುತ್ತಿರುವ ಗುರುತು. ಇದನ್ನು ಬಲ್ಲ ವೈದ್ಯರು ಮೊದಲ ಮೂರರಿಂದ ಆರು ತಿಂಗಳು ಕಾಲ್ಚಿಸಿನ್‌ನಂಥ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಕಾವಲಿಗೆಂದು ಜೊತೆಗೆ ಬರೆದುಕೊಡುತ್ತಾರೆ. ನಡುವೆ ಬಾವು ಎದ್ದರೂ ಅಲೋಪ್ಯೂರಿನಾಲನ್ನು ನಿಲ್ಲಿಸಬಾರದು. ಬಾವಿನ ಔಷಧವನ್ನು ಬೇರೆಯಾಗಿ ಕೊಡುತ್ತಾರೆ. ಇಷ್ಟೇ ಸಂಗತಿ. ನಾಲ್ಕು ವಾಕ್ಯಗಳಲ್ಲಿ ಹೇಳಿ ಮುಗಿಯುವ ಈ ಸಂಗತಿಯನ್ನು ಆ ಭಕ್ತರಿಗೆ ಆಸ್ಪತ್ರೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ವೈದ್ಯಬಾಂಧವರು ಈ ಮಾತನ್ನು ನಿಂದೆಯೆಂದು ತಿಳಿಯಬಾರದು. ಚೀಟಿ ಬರೆಯುವ ಕೈಗೆ ಎರಡು ನಿಮಿಷ ಬಾಯಿಯ ನೆರವೂ ದೊರೆತಿದ್ದರೆ ಅವರು ಮಠದವರೆಗೆ ಬಂದು ನಮ್ಮನ್ನು ಕೇಳಬೇಕಾಗಿರಲಿಲ್ಲ.

ಕಾಲ್ಚಿಸಿನ್ ಎಂದಾಗ ಖಾನಾಪುರದ ಕಡೆಯ ಭಕ್ತರಿಗೆ ಒಂದು ಮಾತು ಹೇಳಲೇಬೇಕು. ಮಳೆಗಾಲದಲ್ಲಿ ನಿಮ್ಮ ಕಾಡಿನ ಬೇಲಿಗಳ ಮೇಲೆ ಕೆಂಪು ಹಳದಿ ಜ್ವಾಲೆಯಂತೆ ಅರಳುವ ಬಳ್ಳಿಯಿದೆ. ಕನ್ನಡದಲ್ಲಿ ಅಗ್ನಿಶಿಖೆ, ನೆರೆಯ ಮರಾಠಿ ಬಾಂಧವರ ಬಾಯಲ್ಲಿ ಕಳಲಾವಿ. ಅದರ ಗೆಡ್ಡೆಯಲ್ಲಿಯೂ ಬೀಜದಲ್ಲಿಯೂ ಇರುವುದು ಇದೇ ಕಾಲ್ಚಿಸಿನ್. ತಮಿಳುನಾಡಿನಲ್ಲಿ ಬೀಜಕ್ಕಾಗಿಯೇ ಇದನ್ನು ಬೆಳೆದು ಔಷಧ ಕಾರಖಾನೆಗಳಿಗೆ ಮಾರುತ್ತಾರೆ. ಗುಳಿಗೆಯ ಔಷಧವೇ ಗೆಡ್ಡೆಯಲ್ಲಿದ್ದ ಮೇಲೆ ಗೆಡ್ಡೆಯನ್ನೇ ತೇಯ್ದು ಕುಡಿದರಾಯಿತೆಂದು ವಾದಿಸಿದ ಒಬ್ಬ ಪಂಡಿತರನ್ನು ನಾವು ಕಂಡಿದ್ದೇವೆ. ಗುಳಿಗೆಯಲ್ಲಿರುವುದು ಅರ್ಧ ಮಿಲಿಗ್ರಾಂ, ಅಳೆದದ್ದು. ಗೆಡ್ಡೆಯಲ್ಲಿ ಎಷ್ಟಿದೆಯೆಂದು ಅಳೆಯುವವರು ಯಾರು? ಈ ಗೆಡ್ಡೆ ತಿಂದು ಸತ್ತವರ ವೃತ್ತಾಂತಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅನೇಕವಿವೆ. ಆಯುರ್ವೇದವೂ ಲಾಂಗಲಿಯನ್ನು ಉಪವಿಷಗಳ ಗುಂಪಿನಲ್ಲಿಟ್ಟು, ಶೋಧಿಸದೆ ಬಳಸಬಾರದೆಂದು ವಿಧಿಸಿದೆ. ಗುಳಿಗೆಯ ವಿಷಯದಲ್ಲಿಯೂ ಹಿಂದೆ, ಭೇದಿಯಾಗುವ ವರೆಗೆ ತಾಸಿಗೊಂದರಂತೆ ನುಂಗಿಸುವ ಪದ್ಧತಿಯಿತ್ತು. ೨೦೧೦ರಲ್ಲಿ ಪ್ರಕಟವಾದ ಅಧ್ಯಯನವು ಸಣ್ಣ ಪ್ರಮಾಣವೂ ಅಷ್ಟೇ ಗುಣ ಕೊಡುತ್ತದೆ, ಭೇದಿ ಮಾತ್ರ ಬಹಳ ಕಡಿಮೆ ಎಂದು ತೋರಿಸಿತು. ಇಂದು ವೈದ್ಯರು ಬಾವು ಎದ್ದ ಮೊದಲ ದಿನ ಎರಡು ಗುಳಿಗೆ, ಒಂದು ತಾಸಿನ ಮೇಲೆ ಇನ್ನೊಂದು, ಅಷ್ಟಕ್ಕೆ ನಿಲ್ಲಿಸುತ್ತಾರೆ. ಮೂತ್ರಪಿಂಡ ಸೋತವರಿಗೆ ಅದೂ ಹೆಚ್ಚಾದೀತು. ಹೊಟ್ಟೆನೋವು, ವಾಂತಿ, ಭೇದಿ ಕಂಡರೆ ಔಷಧ ಮಿತಿಮೀರಿತೆಂದೇ ತಿಳಿಯಬೇಕು. ಎದೆಯ ಕಫಕ್ಕೆಂದು ಕೊಡುವ ಕ್ಲಾರಿಥ್ರೊಮೈಸಿನ್‌ನಂಥ ಔಷಧ ಇದರೊಂದಿಗೆ ಕೂಡಿದರೆ ಪ್ರಾಣಕ್ಕೆ ಸಂಚಕಾರ. ಆದುದರಿಂದ ಕೆಮ್ಮಿಗೆ ತೋರಿಸಲು ಹೋದಾಗಲೂ ಕಾಲಿನ ಔಷಧದ ಚೀಲ ಜೊತೆಗಿರಬೇಕು.

ನೋವಿನ ಗುಳಿಗೆಗಳ ವಿಷಯದಲ್ಲಿ ನಮ್ಮ ಅನುಭವವನ್ನು ಹೇಳಿಯಾಗಿದೆ. ಮೂರು ನಾಲ್ಕು ದಿನ, ವೈದ್ಯರ ಚೀಟಿಯ ಮೇಲೆ, ಊಟವಾದ ಮೇಲೆ ತೆಗೆದುಕೊಂಡರೆ ಅವು ಉಪಕಾರಿಗಳೇ. ರಕ್ತದೊತ್ತಡದ ಗುಳಿಗೆ, ಮೂತ್ರದ ಗುಳಿಗೆ, ಅವುಗಳ ಮೇಲೆ ನೋವಿನ ಗುಳಿಗೆ, ಈ ಮೂರೂ ಒಂದೇ ಹೊಟ್ಟೆಯಲ್ಲಿ ಕೂಡಿದಾಗ ಮೂತ್ರಪಿಂಡಗಳ ಮೇಲೆ ಬೀಳುವ ಹೊರೆಯನ್ನು ಅಂಗಡಿಯವನು ಬಲ್ಲನೇ? ೧೯೪೦ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆ, ೧೯೪೫ರ ನಿಯಮಗಳು, ಇವುಗಳ ಮೇರೆಗೆ ಡೈಕ್ಲೊಫೆನಾಕೂ ಅಲೋಪ್ಯೂರಿನಾಲೂ ಅನುಸೂಚಿ ಎಚ್‌ಗೆ ಸೇರಿದವು. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. ಗುಳಿಗೆಯ ಪಟ್ಟಿಯ ಮೇಲೆ ಆ ಎಚ್ಚರಿಕೆಯನ್ನು ಮುದ್ರಿಸಿರುತ್ತಾರೆ. ಮುದ್ರಿಸಿದ್ದನ್ನು ಕೊಡುವವನು ಓದುವುದಿಲ್ಲ, ಕೊಳ್ಳುವವನೂ ಓದುವುದಿಲ್ಲ.

ಅದಕ್ಕಿಂತ ಭಯಂಕರವಾದುದು ಹೆಸರಿಲ್ಲದ ಪುಡಿ. ಸಂತೆಯಲ್ಲಿ, ಜಾತ್ರೆಯಲ್ಲಿ, ನಾಚಿಕೆಯಿಂದ ಹೇಳುತ್ತೇವೆ, ಕೆಲವು ಮಠಗಳ ಅಂಗಳದಲ್ಲಿಯೂ ಪೊಟ್ಟಣ ಕಟ್ಟಿ ಮಾರುತ್ತಾರೆ. ಗಿಡಮೂಲಿಕೆ, ನಿರಪಾಯ, ಮೂರೇ ದಿನಗಳಲ್ಲಿ ಗುಣ ಎಂಬ ಘೋಷಣೆ. ಮೂರೇ ದಿನಗಳಲ್ಲಿ ಎಲ್ಲ ಬಗೆಯ ಕೀಲುನೋವನ್ನೂ ನಿಲ್ಲಿಸುವ ಮೂಲಿಕೆ ಧನ್ವಂತರಿಗೂ ಗೊತ್ತಿರಲಿಲ್ಲ. ಇಂಥ ಪುಡಿಗಳನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದಾಗ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡುಗಳು ಬೆರೆತಿರುವುದು ಮತ್ತೆ ಮತ್ತೆ ಕಂಡುಬಂದಿದೆ. ವೈದ್ಯರ ಕೈಯಲ್ಲಿ ಸ್ಟೀರಾಯ್ಡ್ ಕೂಡ ಔಷಧವೇ, ಗೌಟಿನ ಬಾವಿಗೂ ಕೆಲವು ದಿನ ಕೊಡುತ್ತಾರೆ. ಅಳತೆಯಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಬೇನೆ ಬರುತ್ತದೆ, ಎಲುಬು ಪೊಳ್ಳಾಗುತ್ತದೆ. ಮತ್ತೊಂದು ಅಪಾಯವನ್ನು ಲಕ್ಷ್ಯದಲ್ಲಿಡಬೇಕು: ಬಹುದಿನ ಪುಡಿ ತಿಂದವರು ಈ ಲೇಖನ ಓದಿ ರೋಷದಿಂದ ನಾಳೆಯೇ ಪೊಟ್ಟಣ ಎಸೆಯಕೂಡದು. ದೇಹವು ತನ್ನ ಸ್ವಂತ ಉತ್ಪತ್ತಿಯನ್ನು ನಿಲ್ಲಿಸಿಬಿಟ್ಟಿರುತ್ತದೆ. ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರಬಹುದು. ಪೊಟ್ಟಣವನ್ನೇ ಕೈಯಲ್ಲಿ ಹಿಡಿದು ಕೂಡಲೇ ವೈದ್ಯರಲ್ಲಿಗೆ ಹೋಗಿರಿ, ಎಷ್ಟು ತಿಂಗಳು ತಿಂದಿರೆಂಬುದನ್ನು ಮರೆಮಾಡದೆ ಹೇಳಿರಿ.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾವು ಬಲ್ಲೆವು. ಸ್ವಾಮಿಗಳು ಇಂಗ್ಲಿಷ್ ಔಷಧದ ಪ್ರಚಾರಕ್ಕೆ ನಿಂತರು, ನಮ್ಮ ಆಯುರ್ವೇದವನ್ನು ತುಚ್ಛೀಕರಿಸಿದರು ಎಂದು ಯಾರಾದರೂ ಪತ್ರ ಬರೆದೇ ಬರೆಯುತ್ತಾರೆ. ವಡಗಾವಿಗೆ ಹೊಂದಿಕೊಂಡ ಶಹಾಪುರದಲ್ಲಿ ದಶಕಗಳಿಂದ ಆಯುರ್ವೇದ ಮಹಾವಿದ್ಯಾಲಯವಿದೆ. ಅಲ್ಲಿ ಓದಿದ ಯೋಗ್ಯ ವೈದ್ಯರು ನಾಡಿ ಹಿಡಿಯುತ್ತಾರೆ, ಮೂತ್ರಪಿಂಡದ ತಪಾಸಣೆಯನ್ನೂ ಮಾಡಿಸುತ್ತಾರೆ, ಕೊಟ್ಟ ಔಷಧದ ಹೆಸರನ್ನು ಕಾಗದದ ಮೇಲೆ ಬರೆದುಕೊಡುತ್ತಾರೆ. ಅವರೊಡನೆ ನಮ್ಮ ಜಗಳವಿಲ್ಲ. ಹೆಸರು ಬರೆದುಕೊಡಲಾರದವರೊಡನೆ ನಮ್ಮ ಜಗಳ. ಎರಡೂ ಪದ್ಧತಿಯ ಔಷಧ ನಡೆಸುವವರು ಒಬ್ಬರಿಗೆ ಇನ್ನೊಬ್ಬರ ವಿಷಯ ತಿಳಿಸದೆ ನಡೆಸಬಾರದು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬುವನಿದ್ದನು. ವೈದ್ಯವೃತ್ತಿಯ ಮಾತುಗಳಲ್ಲಿಯೇ ತನ್ನ ಅನುಭಾವವನ್ನು ಹೇಳಿದವನು. ಅನುಭವಮಂಟಪದಲ್ಲಿ ಆತನಿಗೆ ಆತನ ಕಾಯಕದಿಂದಲೇ ಸ್ಥಾನ ದೊರೆಯಿತು. ವೈದ್ಯನ ಕಾಯಕವನ್ನು ಸ್ವಾಮಿಯಾದವನು ಕಸಿದುಕೊಳ್ಳುವುದು ಶರಣಧರ್ಮದಲ್ಲಿ ಎಲ್ಲಿ ಹೇಳಿದೆ?

ಜೀವನಪರ್ಯಂತ ಗುಳಿಗೆ ನುಂಗಬೇಕೇ ಎಂಬುದು ಎಲ್ಲರ ದುಃಖ. ಬಹುಜನರಿಗೆ ಹೌದು. ಜೀವನಪರ್ಯಂತ ಲಿಂಗಪೂಜೆ ಮಾಡುವವರು ಊಟದ ಮೇಲೆ ಒಂದು ಗುಳಿಗೆಗೆ ಏಕೆ ಬೇಸರಪಡಬೇಕೋ ನಾವರಿಯೆವು. ಗುಳಿಗೆ ಉಷ್ಣ, ರಕ್ತ ಕೆಡಿಸುತ್ತದೆ ಎಂಬ ಮಾತಿಗೆ ತಪಾಸಣೆಯ ಕಾಗದವೇ ಉತ್ತರ. ವೈದ್ಯರು ಹೇಳಿದ ಅವಧಿಗೊಮ್ಮೆ ಮೂತ್ರಪಿಂಡ, ಯಕೃತ್ತು, ಯೂರಿಕ್ ಆಮ್ಲ ಮೂರನ್ನೂ ನೋಡಿಸಿದರೆ ಕೆಟ್ಟದ್ದೂ ಒಳ್ಳೆಯದಾದದ್ದೂ ಅಂಕಿಯಲ್ಲಿ ಕಾಣುತ್ತದೆ. ನೆನಪಿರಲಿ, ಬಾವು ಎದ್ದ ದಿನದ ಯೂರಿಕ್ ಆಮ್ಲದ ಅಂಕಿ ಕೆಲವು ಸಲ ಮೋಸ ಮಾಡುತ್ತದೆ, ಸಹಜವೆಂಬಂತೆ ಬರುತ್ತದೆ. ಕೆಲವು ವಾರ ಬಿಟ್ಟು ಮತ್ತೆ ನೋಡಿಸಬೇಕು. ಇದಕ್ಕೆ ವಿರುದ್ಧವಾಗಿ, ಶಿಬಿರದಲ್ಲಿ ರಕ್ತ ಕೊಟ್ಟು ಅಂಕಿ ೭.೫ ಬಂದಿತೆಂದು, ಒಂದು ದಿನವೂ ಬಾವು ಬಾರದವರು ಗಾಬರಿಯಿಂದ ಗುಳಿಗೆ ಆರಂಭಿಸುವುದೂ ತಪ್ಪು. ಅಂಕಿ ಏರಿದವರಲ್ಲಿ ಬಹುಜನರಿಗೆ ಬೇನೆ ಬರುವುದೇ ಇಲ್ಲ. ರಕ್ತದೊತ್ತಡದ ಮೂತ್ರದ ಗುಳಿಗೆ, ಹೃದಯಕ್ಕೆಂದು ಕೊಡುವ ಸಣ್ಣ ಆಸ್ಪಿರಿನ್, ಕ್ಷಯದ ಔಷಧಗಳಲ್ಲಿ ಪೈರಜಿನಮೈಡ್, ಇವು ಯೂರಿಕ್ ಆಮ್ಲವನ್ನು ಏರಿಸುತ್ತವೆಂಬುದು ನಿಜ. ಅದನ್ನು ಓದಿ ಅವನ್ನು ತಾವಾಗಿ ಬಿಟ್ಟವರು ಕಾಲು ಉಳಿಸಿಕೊಳ್ಳಲು ಹೋಗಿ ಹೃದಯವನ್ನೋ ಪುಪ್ಪುಸವನ್ನೋ ಕಳೆದುಕೊಳ್ಳುತ್ತಾರೆ.

ಬೇಳೆಯ ವಿಷಯ ಒಂದಿಷ್ಟು. ಗೌಟಿನವರು ತೊಗರಿಬೇಳೆ, ಪಾಲಕ ಮುಟ್ಟಲೇಬಾರದೆಂದು ನಮ್ಮಲ್ಲಿ ಕಟ್ಟುನಿಟ್ಟು. ಬಹಳ ವರ್ಷಗಳ ಅಧ್ಯಯನಗಳಲ್ಲಿ ಸಸ್ಯಮೂಲದ ಆಹಾರದಿಂದ ಗೌಟಿನ ಅಪಾಯ ಹೆಚ್ಚಿದುದು ಕಂಡಿಲ್ಲ. ಮಾಂಸ ತಿನ್ನದವರಿಂದ ಬೇಳೆಯನ್ನೂ ಕಿತ್ತುಕೊಂಡರೆ ಉಳಿದುದೇನು? ನೀರು ಧಾರಾಳವಾಗಿ ಕುಡಿಯಬೇಕು, ಮೂತ್ರಪಿಂಡ ಅಥವಾ ಹೃದಯದ ಕಾರಣದಿಂದ ವೈದ್ಯರ ನಿಷೇಧವಿಲ್ಲದಿದ್ದರೆ.

ಈಗ ನಮ್ಮ ಅಧಿಕಾರಕ್ಕೆ ನಿಜವಾಗಿ ಒಳಪಟ್ಟ ವಿಷಯ. ಪೂಜೆಯಾಗದೆ ನೀರೂ ಮುಟ್ಟದ ನಿಷ್ಠಾವಂತರು ನಮ್ಮಲ್ಲಿ ಅನೇಕರು. ಪೂಜೆ ಮಧ್ಯಾಹ್ನಕ್ಕೆ ಹೋದ ದಿನ ಗುಳಿಗೆ ತಪ್ಪುತ್ತದೆಂದು ಕೆಲವರು ಹೇಳುತ್ತಾರೆ. ಅಲೋಪ್ಯೂರಿನಾಲ್ ದಿನಕ್ಕೊಮ್ಮೆ, ಊಟದ ಮೇಲೆ ತೆಗೆದುಕೊಳ್ಳುವಂಥದು. ಪ್ರಸಾದವಾದ ಮೇಲೆ ನೀರಿನೊಂದಿಗೆ ನುಂಗಿದರೆ ಪೂಜೆಗೂ ಔಷಧಕ್ಕೂ ಎಲ್ಲಿಯ ವಿರೋಧ? ದಿನಾಲು ಅದೇ ಹೊತ್ತಿಗೆ ಆದರೆ ಸಾಕು. ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸಗಳ ವಿಷಯ ಬೇರೆ. ಅನ್ನನೀರು ಬಿಟ್ಟಾಗ ಯೂರಿಕ್ ಆಮ್ಲ ಏರುತ್ತದೆ, ಬಾವು ಕೆರಳುತ್ತದೆ. ಈ ಬೇನೆಯುಳ್ಳವರು ನಿರ್ಜಲ ಉಪವಾಸ ಮಾಡಕೂಡದು. ನೀರು, ಹಾಲು, ಹಣ್ಣು ತೆಗೆದುಕೊಂಡು, ಗುಳಿಗೆಯನ್ನೂ ತಪ್ಪಿಸದೆ ವ್ರತ ನಡೆಸಬೇಕು. ಇದರಿಂದ ವ್ರತಭಂಗವಿಲ್ಲವೆಂದು ಈ ಪೀಠದಿಂದಲೇ ಹೇಳುತ್ತಿದ್ದೇವೆ. ದೋಷವಿದ್ದರೆ ಅದು ನಮಗಿರಲಿ. ಪದ್ಮಾಸನ ಹಾಕಲಾಗದವರು ಕುರ್ಚಿಯ ಮೇಲೆ ಕುಳಿತು ಇಷ್ಟಲಿಂಗಪೂಜೆ ಮಾಡಬಹುದು. ನಾವು ಎಂಟು ವರ್ಷಗಳಿಂದ ಹಾಗೆಯೇ ಮಾಡುತ್ತಿದ್ದೇವೆ. ಶರೀರವನ್ನು ಶಿವನ ಆಲಯವೆಂದು ನಂಬಿದ ಧರ್ಮದವರು ಆಲಯದ ಕಂಬ ಶಿಥಿಲವಾದಾಗ ಆಸರೆ ಕೊಡಲು ನಾಚುವುದು ವಿಚಿತ್ರ.

ಇನ್ನು ನಮ್ಮ ಸಮಾಜದ ಹೆಮ್ಮೆಯ ಮಾತು. ೧೯೧೬ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು, ೧೯೬೩ರಲ್ಲಿ ಅದರ ವೈದ್ಯಕೀಯ ಮಹಾವಿದ್ಯಾಲಯ ಪ್ರಾರಂಭವಾಯಿತು. ಜಿಲ್ಲಾಸ್ಪತ್ರೆಗೆ ಹೊಂದಿಕೊಂಡು ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದೆ. ಮಠಗಳು ಜೋಳಿಗೆ ಹಿಡಿದು ಭಿಕ್ಷೆ ತಂದು ಪ್ರಸಾದ ನಿಲಯಗಳನ್ನು ನಡೆಸಿ, ಹಳ್ಳಿಯ ಬಡ ಮಕ್ಕಳನ್ನು ಆ ಮೆಟ್ಟಿಲು ಹತ್ತಿಸಿದವು. ಅಷ್ಟೆಲ್ಲ ಮಾಡಿ, ಆ ಮಕ್ಕಳು ಬರೆದ ಚೀಟಿಯನ್ನು "ಬಿಡಪ್ಪಾ" ಎಂಬ ಒಂದು ಮಾತಿನಿಂದ ಹರಿದುಹಾಕುವುದಾದರೆ ಜೋಳಿಗೆ ಹಿಡಿದುದೇಕೆ? ಸಹಪೀಠಾಧೀಶರಲ್ಲಿ ನಮ್ಮ ವಿಜ್ಞಾಪನೆ: ಮಂತ್ರ ಕೊಡಿರಿ, ಭಸ್ಮವಿಡಿರಿ, ಧೈರ್ಯ ಹೇಳಿರಿ, ಗುಳಿಗೆಯ ವಿಷಯದಲ್ಲಿ ಬೇಕು ಬೇಡಗಳನ್ನು ಹೇಳಬೇಡಿರಿ. ಅಂಗಳದಲ್ಲಿ ಪುಡಿ ಮಾರುವವರನ್ನು ಎಬ್ಬಿಸಿರಿ. ಇದರಿಂದ ನಮ್ಮ ಗೌರವ ಕುಗ್ಗುತ್ತದೆಂದು ಭಯಪಡುವವರು ವಡಗಾವಿಯ ಆ ಮನೆಗೊಮ್ಮೆ ನಮ್ಮೊಡನೆ ಬರಬೇಕು.

ನಮ್ಮ ಮಠದ ಮಟ್ಟಿಗೆ ಏರ್ಪಾಡು ಹೀಗಿದೆ. ಔಷಧದ ಪ್ರಶ್ನೆ ತಂದವರಿಗೆ ಪಡಸಾಲೆಯಲ್ಲಿ ಇನ್ನು ಮೇಲೆ ಉತ್ತರ ದೊರೆಯದು. ವೈದ್ಯರ ಚೀಟಿ ಎಲ್ಲಿದೆಯೆಂಬ ಪ್ರಶ್ನೆ ಮಾತ್ರ ದೊರೆಯುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು, ಔಷಧಶಾಸ್ತ್ರ ಓದಿದವರು ತಿಂಗಳಿಗೊಂದು ಸೋಮವಾರ ಎರಡು ತಾಸು ಮಠದಲ್ಲಿ ಕುಳಿತುಕೊಳ್ಳಬೇಕೆಂದು ಕೇಳಿಕೊಂಡಿದ್ದೇವೆ. ಅವರು ಹೊಸ ಚೀಟಿ ಬರೆಯುವುದಿಲ್ಲ. ನಿಮ್ಮ ವೈದ್ಯರು ಬರೆದುದನ್ನು ನಿಮ್ಮ ಭಾಷೆಯಲ್ಲಿ ಓದಿ ಹೇಳುತ್ತಾರೆ, ಯಾವುದು ಬಾವಿಗೆ, ಯಾವುದು ಹರಳಿಗೆ, ಯಾವುದನ್ನು ಯಾವುದರೊಡನೆ ನುಂಗಬಾರದು ಎಂಬುದನ್ನು ಬಿಡಿಸಿ ತಿಳಿಸುತ್ತಾರೆ. ಬೆಲೆ ಭಾರವಾದವರಿಗೆ ಜನೌಷಧಿ ಕೇಂದ್ರದ ದಾರಿ ತೋರಿಸುತ್ತಾರೆ. ಬರುವಾಗ ಮನೆಯಲ್ಲಿರುವ ಎಲ್ಲ ಔಷಧವನ್ನೂ ತನ್ನಿರಿ: ರಕ್ತದೊತ್ತಡದ್ದು, ಸಕ್ಕರೆ ಬೇನೆಯದು, ಕಪಾಟಿನ ಮೂಲೆಯಲ್ಲಿ ಬಚ್ಚಿಟ್ಟ ಪುಡಿಯ ಪೊಟ್ಟಣ, ಕೊನೆಯ ರಕ್ತ ತಪಾಸಣೆಯ ಕಾಗದ. ಸಾಲಿನಲ್ಲಿ ನಮ್ಮ ಚೀಲವೂ ಇರುತ್ತದೆ.